ನಿಕೋಡೆಮಸ್ ಊರನ್ನು ನಿಜವಾಗಿಯೂ ರೈಲು ಕೊಂದಿತೇ?

ಕೆರೆಯಂಗಳ:
ಅಮೆರಿಕದ ಕ್ಯಾನ್ಸಸ್ ರಾಜ್ಯದ ವಾಯವ್ಯ ಭಾಗದಲ್ಲಿ ಗ್ರಹಾಂ ಎಂಬ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಇದೆ. ಅದರ ಪೂರ್ವದಂಚಿನಲ್ಲಿ, ಸೊಲೊಮನ್ ನದಿಯ ದಕ್ಷಿಣ ಕವಲಿನ ಪಕ್ಕದಲ್ಲಿ ಇರುವುದು ನಿಕೋಡೆಮಸ್ ಟೌನ್‌ಶಿಪ್. ಗುಲಾಮಗಿರಿಯಿಂದ ಬಿಡುಗಡೆ ಹೊಂದಿ ಹನ್ನೆರಡು ವರ್ಷವಷ್ಟೇ ಆಗಿದ್ದ ಕೆಂಟಕಿಯ ಕಪ್ಪು ಜನರು 1877ರಲ್ಲಿ ಇಲ್ಲಿಗೆ ಬಂದು ಸ್ವಂತ ಊರು ಕಟ್ಟಿಕೊಂಡರು. ಈ ಊರಿನ ಬಗ್ಗೆ ಓದಿದ ಕಡೆಯಲ್ಲೆಲ್ಲ ನನಗೆ ಸಿಕ್ಕಿದ್ದು ಒಂದೇ ಮಾತು: 1888ರಲ್ಲಿ ರೈಲು ಮಾರ್ಗ ಊರನ್ನು ಬಿಟ್ಟು ನದಿಯ ಆಚೆ ದಡದಲ್ಲಿ ಹೋಯಿತು, ಅಲ್ಲಿಗೆ ಊರಿನ ಕಥೆ ಮುಗಿಯಿತು. 2020ರ ಜನಗಣತಿಯ ಹೊತ್ತಿಗೆ ಹಳ್ಳಿಯಲ್ಲಿ ಉಳಿದಿದ್ದವರು 14 ಮಂದಿ.

ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. 1888ರಲ್ಲೇ ಸತ್ತ ಊರಿನವರು 1939ರಲ್ಲಿ ಸುಣ್ಣಕಲ್ಲಿನ ಸಭಾಭವನವನ್ನು ಯಾರಿಗಾಗಿ ಕಟ್ಟಿಕೊಂಡರು? ಅಂಚೆ ಕಚೇರಿ 1953ರವರೆಗೂ ಏಕೆ ತೆರೆದಿತ್ತು? ಜೊತೆಗೆ ಇನ್ನೊಂದು ಸಣ್ಣ ಪ್ರಶ್ನೆ: ಹದಿನಾಲ್ಕು ಜನರಿರುವ ಜಾಗವನ್ನು ಟೌನ್‌ಶಿಪ್ ಎಂದು ಕರೆಯುವುದು ಹೇಗೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಬೆಣ್ಣೆದೋಸೆ:
ಟೌನ್‌ಶಿಪ್ ಎಂದರೆ ನನ್ನ ಕಣ್ಣಿಗೆ ಬರುವುದು ಕಾರ್ಖಾನೆಯ ಕ್ವಾರ್ಟರ್ಸು, ಗೇಟಿನ ಕಾವಲುಗಾರ ಮತ್ತು ಸಾಲಾಗಿ ನಿಂತ ಗುಲ್‌ಮೊಹರ್ ಮರಗಳು ಮಾತ್ರ. ಇದು ಅದಲ್ಲವೆಂದು ಕಾಣುತ್ತದೆ.

ನಿವೃತ್ತ ಭೂಮಾಪಕ:
ಅದಲ್ಲ. ಮೂವತ್ತು ವರ್ಷ ಸರಪಳಿ ಎಳೆದು ಬಾಂದು ಕಲ್ಲು ಹುಡುಕಿದವನಾದ್ದರಿಂದ ಈ ಪ್ರಶ್ನೆಗೆ ನಾನೇ ಉತ್ತರಿಸುತ್ತೇನೆ.

ಅಮೆರಿಕ ಸರ್ಕಾರವು 1785ರ ಕಾಯ್ದೆಯ ಪ್ರಕಾರ, ಜನ ಬಂದು ನೆಲೆಸುವ ಮೊದಲೇ ನೆಲವನ್ನು ಅಳೆಯಲು ನಿಶ್ಚಯಿಸಿತು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕವೇ ಟೌನ್‌ಶಿಪ್. ಅದರೊಳಗೆ ಒಂದೊಂದು ಚದರ ಮೈಲಿಯ ಮೂವತ್ತಾರು ಸೆಕ್ಷನ್‌ಗಳಿರುತ್ತವೆ. ಒಂದು ಸೆಕ್ಷನ್‌ಗೆ 640 ಎಕರೆ, ಅಂದರೆ ಒಂದು ಟೌನ್‌ಶಿಪ್‌ಗೆ ಒಟ್ಟು 23,040 ಎಕರೆ. ಹದಿನಾರನೆಯ ಸೆಕ್ಷನ್ನನ್ನು ಶಾಲೆಯ ಖರ್ಚಿಗೆಂದು ಮೀಸಲಿಡುತ್ತಿದ್ದರು. ಸೆಕ್ಷನ್ನಿನ ಕಾಲು ಭಾಗವಾದ 160 ಎಕರೆಯೇ 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಒಂದು ಕುಟುಂಬಕ್ಕೆ ಸಿಗುತ್ತಿದ್ದ ಜಮೀನು. ಐದು ವರ್ಷ ಅಲ್ಲೇ ವಾಸವಿದ್ದು ಉತ್ತು ತೋರಿಸಿದರೆ ಹಕ್ಕುಪತ್ರ ಕೈಗೆ ಬರುತ್ತಿತ್ತು. ನಮ್ಮ ದರಖಾಸ್ತು ಜಮೀನಿನ ಹಾಗೆಯೇ ಎಂದು ತಿಳಿದುಕೊಳ್ಳಿ; ವ್ಯತ್ಯಾಸವೆಂದರೆ ಅಲ್ಲಿ ನಕ್ಷೆ ಮೊದಲು, ಸಾಗುವಳಿ ಆಮೇಲೆ.

ಇನ್ನೊಂದು ಸ್ವಾರಸ್ಯವಿದೆ. ಅವರು ಅಳೆದದ್ದು 66 ಅಡಿಯ ಗಂಟರ್ ಸರಪಳಿಯಲ್ಲಿ. ನಮ್ಮ ಗುಂಟೆ 33 ಅಡಿಗೆ 33 ಅಡಿ; ಅಂದರೆ ಅದೇ ಸರಪಳಿಯ ಅರ್ಧದ ಚೌಕ. ಆದ್ದರಿಂದಲೇ ಎಕರೆಗೆ ಸರಿಯಾಗಿ ನಲವತ್ತು ಗುಂಟೆ. ಕ್ಯಾನ್ಸಸ್‌ನ ಹೊಲವೂ ಮಂಡ್ಯದ ಗದ್ದೆಯೂ ಒಂದೇ ಸರಪಳಿಯ ಲೆಕ್ಕದಲ್ಲಿವೆ.

ಗೋಧಿನಾಡು:
ಭೂಮಾಪಕ ಸರ್, ಲೆಕ್ಕ ಸರಿಯಾಗಿದೆ. ಆದರೆ ನೀವು ಹೇಳಿದ್ದು ಅರ್ಧ ಉತ್ತರ. ನಾನು ಕ್ಯಾನ್ಸಸ್‌ನ ಮ್ಯಾನ್‌ಹಟನ್‌ನಲ್ಲಿದ್ದೇನೆ (ನ್ಯೂಯಾರ್ಕಿನದಲ್ಲ, ಪ್ರತಿ ಬಾರಿಯೂ ಇದನ್ನು ಹೇಳಬೇಕಾಗುತ್ತದೆ). ಇಲ್ಲಿ ಟೌನ್‌ಶಿಪ್ ಎಂಬ ಒಂದೇ ಪದಕ್ಕೆ ಎರಡು ಅರ್ಥಗಳಿವೆ. ಒಂದು, ನೀವು ಹೇಳಿದ ಅಳತೆಯ ಚೌಕ. ಇನ್ನೊಂದು, ಕೌಂಟಿಯ ಕೆಳಗಿನ ಆಡಳಿತ ಘಟಕ. ಇದಕ್ಕೆ ಚುನಾಯಿತರಾದ ಟ್ರಸ್ಟಿ, ಗುಮಾಸ್ತ, ಖಜಾಂಚಿ ಇರುತ್ತಾರೆ, ಮಣ್ಣಿನ ರಸ್ತೆಗಳನ್ನು ನೋಡಿಕೊಳ್ಳುವುದು ಮುಂತಾದ ಕೆಲಸಗಳಿರುತ್ತವೆ. ಗ್ರಹಾಂ ಕೌಂಟಿ ಮೂವತ್ತು ಮೈಲಿ ಉದ್ದ, ಮೂವತ್ತು ಮೈಲಿ ಅಗಲ ಇರುವುದರಿಂದ ಅಳತೆಯ ಲೆಕ್ಕದಲ್ಲಿ ಇಪ್ಪತ್ತೈದು ಚೌಕಗಳಾಗುತ್ತವೆ. ಆದರೆ ಆಡಳಿತದ ಟೌನ್‌ಶಿಪ್‌ಗಳು 13 ಮಾತ್ರ. ಆದ್ದರಿಂದ ಎರಡೂ ಒಂದೇ ಎಂದು ತಿಳಿಯಬಾರದು. ನಮ್ಮವರಿಗೆ ಹೋಬಳಿ ಎಂದರೆ ಬೇಗ ಅರ್ಥವಾದೀತು, ಆದರೆ ಹೋಬಳಿಗೆ ಚುನಾವಣೆಯಿಲ್ಲ.

ಹದಿನಾಲ್ಕು ಜನ ಎಂಬುದು ಹಳ್ಳಿಯ ಲೆಕ್ಕ, ಇಡೀ ಟೌನ್‌ಶಿಪ್ಪಿನದಲ್ಲ.

ನಾನು ಎರಡು ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದೆ. ನಮ್ಮ ಊರಿನ ಪಕ್ಕದಲ್ಲೇ ಹಾಯುವ 24ನೇ ಹೆದ್ದಾರಿಯನ್ನು ಹಿಡಿದು ಪಶ್ಚಿಮಕ್ಕೆ ಹೊರಟರೆ, ಎಲ್ಲಿಯೂ ದಾರಿ ಬದಲಿಸದೆ ನಿಕೋಡೆಮಸ್ ಸಿಗುತ್ತದೆ. ದಾರಿಯುದ್ದಕ್ಕೂ ಮರಗಳು ಕಡಿಮೆಯಾಗುತ್ತ ಬಂದು, ಸ್ಟಾಕ್‌ಟನ್ ದಾಟಿದ ಮೇಲೆ ನದಿಯ ಬದಿಯಲ್ಲಿ ಬಿಟ್ಟರೆ ಬೇರೆಲ್ಲೂ ಮರವೇ ಕಾಣುವುದಿಲ್ಲ. ಊರಿನಲ್ಲಿ ಕಾರಿನಿಂದ ಇಳಿದಾಗ ಬಾಗಿಲು ಗಾಳಿಯ ಹೊಡೆತಕ್ಕೆ ಕೈಯಿಂದ ಕಿತ್ತುಕೊಂಡು ಹೋಯಿತು. ಸಭಾಭವನದ ಕಲ್ಲುಗಳು ಬೆಣ್ಣೆಯ ಬಣ್ಣದವು, ಉಳಿಯ ಗುರುತು ಇನ್ನೂ ಕೈಗೆ ತಾಗುತ್ತದೆ. ಅದರ ಸುತ್ತ ಹುಲ್ಲು, ಹುಲ್ಲಿನಾಚೆ ಗೋಧಿ, ಅಷ್ಟೇ.

ಕಂಬಿಯ ಮೇಲೊಬ್ಬ:
ಮೂಲ ಪ್ರಶ್ನೆಗೆ ಬರೋಣ. ರೈಲೇ ಕಾರಣ, ಇದರಲ್ಲಿ ಸಂಶಯ ಪಡಲು ಏನಿದೆಯೋ ನನಗೆ ಅರ್ಥವಾಗುತ್ತಿಲ್ಲ. 1880ರ ದಶಕದ ನಡುವೆ ನಿಕೋಡೆಮಸ್‌ನಲ್ಲಿ ಅಂಗಡಿಗಳಿದ್ದವು, ಹೋಟೆಲಿತ್ತು, ಚರ್ಚುಗಳಿದ್ದವು, ಎರಡು ಪತ್ರಿಕೆಗಳೂ ಇದ್ದವು: 1886ರಲ್ಲಿ ವೆಸ್ಟರ್ನ್ ಸೈಕ್ಲೋನ್, ಮರುವರ್ಷ ನಿಕೋಡೆಮಸ್ ಎಂಟರ್‌ಪ್ರೈಸ್. ಮಿಸೌರಿ ಪೆಸಿಫಿಕ್ ಕಂಪನಿಯ ಮಾರ್ಗ ಊರಿಗೆ ಬರುತ್ತದೆಂಬ ನಂಬಿಕೆಯಲ್ಲಿ 1887ರಲ್ಲಿ ಟೌನ್‌ಶಿಪ್ಪಿನ ಮತದಾರರು 16,000 ಡಾಲರ್‌ಗಳ ಬಾಂಡ್‌ಗೆ ಒಪ್ಪಿಗೆ ಕೊಟ್ಟರು. ಹತ್ತು ವರ್ಷದ ಹಿಂದೆ ಸನಿಕೆ ಗುದ್ದಲಿಗಳಲ್ಲಿ ನೆಲ ಅಗೆದವರು ರೈಲಿಗಾಗಿ ಇಷ್ಟು ಸಾಲದ ಹೊರೆಯನ್ನು ತಲೆಯ ಮೇಲೆ ಹೊರಲು ಸಿದ್ಧರಾದರೆಂದರೆ, ಅದರ ಮಹತ್ವ ಅವರಿಗೆ ಗೊತ್ತಿತ್ತು ಎಂದೇ ಅರ್ಥ. ಆ ಕಂಪನಿಯ ಕಂಬಿ ಪೂರ್ವದ ಸ್ಟಾಕ್‌ಟನ್‌ನಲ್ಲೇ ನಿಂತಿತು. ಮರುವರ್ಷ ಯೂನಿಯನ್ ಪೆಸಿಫಿಕ್ ನದಿಯ ದಕ್ಷಿಣಕ್ಕೆ ಮಾರ್ಗ ಹಾಕಿತು, ಅಲ್ಲಿ ಬೋಗ್ ಎಂಬ ಊರು ಹುಟ್ಟಿತು. ನಿಕೋಡೆಮಸ್‌ನ ವರ್ತಕರು ಅಂಗಡಿಗಳನ್ನೇ ಎತ್ತಿಕೊಂಡು ಬೋಗ್‌ಗೆ ಹೋದರು. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಬೆಣ್ಣೆದೋಸೆ:
ಕಪ್ಪು ಜನರ ಊರೆಂಬ ಕಾರಣಕ್ಕೇ ರೈಲು ತಪ್ಪಿಸಿದರೇ?

ಕಂಬಿಯ ಮೇಲೊಬ್ಬ:
ಹಾಗೆಂದು ಖಚಿತವಾಗಿ ಹೇಳುವ ಧೈರ್ಯ ನನಗಿಲ್ಲ. ಆ ಕಾಲದಲ್ಲಿ ಬಿಳಿಯರ ಎಷ್ಟೋ ಊರುಗಳನ್ನೂ ರೈಲು ಕಂಪನಿಗಳು ಬಿಟ್ಟು ಹೋಗಿವೆ. ಹೊಸದಾಗಿ ಊರು ಹುಟ್ಟಿಸಿ ನಿವೇಶನ ಮಾರಿದರೆ ಲಾಭ ಹೆಚ್ಚು ಎಂಬುದು ಅವರ ವ್ಯಾಪಾರದ ಗುಟ್ಟು.

ಸಂಜೆಮಲ್ಲಿಗೆ:
ಇವರೆಲ್ಲ ಎಕ್ಸೊಡಸ್ಟರ್ ವಲಸೆಯಲ್ಲಿ ಬಂದವರಲ್ಲವೇ? ಹೆಸರಿನ ಬಗ್ಗೆಯೂ ಒಂದು ಮಾತು: ನಮ್ಮ ಸತ್ಯವೇದದಲ್ಲಿ ರಾತ್ರಿಯ ವೇಳೆ ಯೇಸುವನ್ನು ಕಾಣಲು ಬರುವ ನಿಕೊದೇಮನ ಹೆಸರನ್ನೇ ಊರಿಗೆ ಇಟ್ಟಿದ್ದಾರೆ. ಹೊಸದಾಗಿ ಹುಟ್ಟುವ ಮಾತು ಬರುವುದೂ ಅಲ್ಲೇ. ಬಿಡುಗಡೆಯಾದವರಿಗೆ ಒಪ್ಪುವ ಹೆಸರು.

ಗೋಧಿನಾಡು:
ಎರಡಕ್ಕೂ ತಿದ್ದುಪಡಿ ಬೇಕು, ಬೇಸರ ಮಾಡಿಕೊಳ್ಳಬೇಡಿ. ಎಕ್ಸೊಡಸ್ಟರ್ ಎಂದು ಕರೆಯುವ ದೊಡ್ಡ ವಲಸೆ ನಡೆದದ್ದು 1879ರಲ್ಲಿ. ಮಿಸಿಸಿಪಿ, ಲೂಸಿಯಾನಾ ಕಡೆಯ ಸಾವಿರಾರು ಜನ ಹಿಂಸೆಗೆ ಹೆದರಿ ನದಿಯಲ್ಲಿ ಹಡಗು ಹತ್ತಿ ಬಂದರು. ನಿಕೋಡೆಮಸ್ ಅದಕ್ಕೂ ಎರಡು ವರ್ಷ ಮೊದಲಿನದು, ಯೋಜಿಸಿ ಕಟ್ಟಿದ್ದು. 1877ರ ಏಪ್ರಿಲ್‌ನಲ್ಲಿ ನಿಕೋಡೆಮಸ್ ಟೌನ್ ಕಂಪನಿ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಅದರಲ್ಲಿ ಆರು ಮಂದಿ ಕಪ್ಪು ಜನರು, ಒಬ್ಬ ಬಿಳಿಯ. ಆ ಬಿಳಿಯ ಡಬ್ಲ್ಯೂ. ಆರ್. ಹಿಲ್ ಎಂಬ ನಿವೇಶನದ ವ್ಯಾಪಾರಿ. ಪಕ್ಕದ ಹಿಲ್ ಸಿಟಿಯ ಹೆಸರೂ ಅವನದೇ. ಕೆಂಟಕಿಯ ಚರ್ಚುಗಳಲ್ಲಿ ಕರಪತ್ರ ಹಂಚಿ, ಐದು ಡಾಲರ್ ಶುಲ್ಕ ಪಡೆದು ಜನರನ್ನು ಒಟ್ಟುಗೂಡಿಸಿದರು.

ಹೆಸರಿನ ಬಗ್ಗೆ ಅಲ್ಲಿಯವರು ಹೇಳುವುದೇ ಬೇರೆ. ಆಫ್ರಿಕದಿಂದ ಹಡಗಿನಲ್ಲಿ ಬಂದು, ಮುಂದೆ ಹಣ ಕೊಟ್ಟು ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡ ಗುಲಾಮನೊಬ್ಬನ ಐತಿಹ್ಯವಿದೆ, ಅಂತರ್ಯುದ್ಧದ ಕಾಲದಲ್ಲಿ ಆ ಹೆಸರಿನ ಗುಲಾಮನ ಮೇಲೆ ಪ್ರಸಿದ್ಧವಾದ ಹಾಡೂ ಇತ್ತು. ಊರಿನ ಹೆಸರು ಅಲ್ಲಿಂದ ಬಂದದ್ದು.

ಸಂಜೆಮಲ್ಲಿಗೆ:
ಒಪ್ಪಿದೆ. ಆದರೆ ಆ ಗುಲಾಮನಿಗೆ ಹೆಸರಿಟ್ಟವರು ಸತ್ಯವೇದವನ್ನು ನೋಡಿಯೇ ಇಟ್ಟಿರಬೇಕಲ್ಲವೇ? ನನ್ನ ಮಾತು ಪೂರ್ತಿ ಬಿದ್ದುಹೋಗಲಿಲ್ಲ.

ತುಂಗೆಯ ತಟ:
ಇದನ್ನೆಲ್ಲ ಓದುವಾಗ "ಖಾಲಿ ಬಯಲು" ಎಂಬ ಭಾವನೆ ಬರುತ್ತದೆ. ಅದು ಖಾಲಿಯಾಗಿರಲಿಲ್ಲ. ಪೌನಿ, ಶೈಯೆನ್, ಅರಾಪಾಹೊ ಜನರು ಕಾಡೆಮ್ಮೆಯನ್ನು ಬೇಟೆಯಾಡುತ್ತಿದ್ದ ನೆಲವದು. ಒಪ್ಪಂದಗಳ ಹೆಸರಿನಲ್ಲಿ ಅವರನ್ನು ದಕ್ಷಿಣಕ್ಕೆ ಅಟ್ಟಿದ ಮೇಲೆಯೇ ಭೂಮಾಪಕರ ಚೌಕಗಳು ಜನರಿಗೆ ಹಂಚಿಕೆಯಾದವು. ಸರಪಳಿಯ ಬಗ್ಗೆ ಅಭಿಮಾನ ಪಡುವ ಮುನ್ನ ಇದನ್ನೂ ನೆನೆಯಬೇಕು.

ನಿವೃತ್ತ ಭೂಮಾಪಕ:
ಅಭಿಮಾನ ಸರಪಳಿಯ ಮೇಲೆ, ಅದನ್ನು ಹಿಡಿಸಿದವರ ಮೇಲಲ್ಲ. ನಿಮ್ಮ ಮಾತು ನ್ಯಾಯವಾದದ್ದು.

ಗೋಧಿನಾಡು:
ತುಂಗೆಯ ತಟ ಅವರೇ, ನೀವು ಹೇಳಿದ್ದಕ್ಕೆ ಸೇರಬೇಕಾದ ಪ್ರಸಂಗವೊಂದು ಊರಿನವರ ಬಾಯಿಯಲ್ಲೇ ಉಳಿದಿದೆ. ಮೊದಲ ದೊಡ್ಡ ತಂಡ ಬಂದದ್ದು 1877ರ ಸೆಪ್ಟೆಂಬರ್‌ನಲ್ಲಿ. ಬಿತ್ತನೆಯ ಕಾಲ ಮುಗಿದಿತ್ತು, ಮನೆ ಕಟ್ಟಲು ಮರವಿರಲಿಲ್ಲ. ನದಿಯ ದಂಡೆಯ ದಿಬ್ಬಗಳನ್ನು ಕೊರೆದು, ಮೇಲೆ ಕೊಂಬೆ ಮತ್ತು ಹುಲ್ಲಿನ ಹೆಂಟೆಗಳನ್ನು ಹೊದಿಸಿ, ಆ ಬಿಲಗಳಲ್ಲಿ ಚಳಿಗಾಲ ಕಳೆದರು. ಉರುವಲಿಗೆ ಸೂರ್ಯಕಾಂತಿಯ ಒಣದಂಟು ಮತ್ತು ಕಾಡೆಮ್ಮೆಯ ಬೆರಣಿ. ತಿನ್ನಲು ಏನೂ ಉಳಿಯದ ಸಮಯದಲ್ಲಿ, ಬೇಟೆ ಮುಗಿಸಿ ಹಿಂದಿರುಗುತ್ತಿದ್ದ ಓಸೇಜ್ ಜನರು ತಮ್ಮ ಪಾಲಿನ ಮಾಂಸವನ್ನು ಹಂಚಿಕೊಟ್ಟರಂತೆ. ಆ ಓಸೇಜರೇ ಕೆಲವು ವರ್ಷಗಳ ಹಿಂದೆ ಕ್ಯಾನ್ಸಸ್ ನೆಲವನ್ನು ಬಿಟ್ಟು ಹೋಗಬೇಕಾದವರು.

ಮರುವರ್ಷದ ವಸಂತದಲ್ಲಿ ಕೆಂಟಕಿಯ ಜಾರ್ಜ್‌ಟೌನ್ ಕಡೆಯಿಂದ ಇನ್ನೊಂದು ತಂಡ ಬಂತು. ರೈಲು ಎಲ್ಲಿಸ್ ಎಂಬ ಊರಿನವರೆಗೆ ಮಾತ್ರ. ಅಲ್ಲಿ ದಡಾರ ಹಬ್ಬಿ ಮಕ್ಕಳನ್ನು ಕಳೆದುಕೊಂಡರು. ಅಲ್ಲಿಂದ ಮೂವತ್ತೈದು ಮೈಲಿ ದಾರಿಯಿಲ್ಲದ ಬಯಲಿನಲ್ಲಿ ದಿಕ್ಸೂಚಿ ನೋಡಿಕೊಂಡು ಗಾಡಿಗಳಲ್ಲಿ ಸಾಗಿದರು. ಆ ತಂಡದಲ್ಲಿದ್ದ ವಿಲಿಯಾನಾ ಹಿಕ್‌ಮನ್ ಎಂಬಾಕೆಯ ನೆನಪು ದಾಖಲಾಗಿದೆ. ಗಂಡಸರು ಊರು ಬಂತೆಂದು ಕೂಗಿದಾಗ ಆಕೆ ಎಷ್ಟು ನೋಡಿದರೂ ಊರು ಕಾಣಲಿಲ್ಲ. ಗಂಡ ಬೆರಳು ಮಾಡಿ ತೋರಿಸಿದ್ದು ನೆಲದೊಳಗಿನಿಂದ ಏಳುತ್ತಿದ್ದ ಹೊಗೆಯನ್ನು. ಆಕೆ ಅಳತೊಡಗಿದಳು.

ನಾನು ಹೋದಾಗ, ಬಿಲಗಳಿದ್ದ ಜಾಗ ಎಂದು ಒಬ್ಬರು ತೋರಿಸಿದ್ದು ದಿಬ್ಬದ ಮಗ್ಗುಲಿನ ಒಂದು ತಗ್ಗನ್ನು. ಮೊಣಕಾಲುದ್ದದ ಹುಲ್ಲು ಅಲ್ಲಿ ಮಾತ್ರ ಸ್ವಲ್ಪ ಹೆಚ್ಚು ಹಸಿರಾಗಿತ್ತು. ಅವರು ಹೇಳದಿದ್ದರೆ ನಾನು ದಾಟಿ ಹೋಗುತ್ತಿದ್ದೆ.

ಬೆಣ್ಣೆದೋಸೆ:
ಇದನ್ನು ಓದಿದ ಮೇಲೆ ನನ್ನ ಗುಲ್‌ಮೊಹರ್ ಮಾತಿಗೆ ನಾಚಿಕೆಯಾಗುತ್ತಿದೆ.

ಮಳೆಮಾಪಕ:
ಕಂಬಿಯ ಮೇಲೊಬ್ಬ ಅವರ ವಾದದಲ್ಲಿ ಒಂದು ತೂತಿದೆ. ನಿಕೋಡೆಮಸ್ ಹಳ್ಳಿ ಮತ್ತು ಸುತ್ತಲಿನ ಹೊಲಗಳಲ್ಲಿದ್ದ ಕಪ್ಪು ಜನರ ಸಂಖ್ಯೆ ಅತ್ಯಂತ ಹೆಚ್ಚಿದ್ದುದು 1888ಕ್ಕಿಂತ ಮೊದಲಲ್ಲ. ಅದು 1910ರಲ್ಲಿ, ಸುಮಾರು ಆರುನೂರು. ರೈಲು ತಪ್ಪಿ ಇಪ್ಪತ್ತೆರಡು ವರ್ಷಗಳಾದ ಮೇಲೆ ಊರು ಬೆಳೆಯುತ್ತಿತ್ತೆಂದರೆ, ರೈಲಿಲ್ಲದ್ದೇ ಸಾವಿಗೆ ಕಾರಣವೆಂದು ಹೇಳುವುದು ಹೇಗೆ?

ನನ್ನ ಪ್ರಕಾರ ರೈಲು ಕೊಂದದ್ದು ಪೇಟೆಯನ್ನು, ಊರನ್ನಲ್ಲ. ಅಂಗಡಿಗಳು ಬೋಗ್‌ಗೆ ಹೋದವು, ಒಕ್ಕಲುಗಳು ಹೊಲದಲ್ಲೇ ಉಳಿದವು. ಒಕ್ಕಲುಗಳನ್ನು ಎಬ್ಬಿಸಿದ್ದು ಬೇರೆಯೇ ಸಂಗತಿ. ನಕ್ಷೆ ನೋಡಿ: ನಿಕೋಡೆಮಸ್ ಇರುವುದು ನೂರನೇ ಪಶ್ಚಿಮ ರೇಖಾಂಶದಿಂದ ಪೂರ್ವಕ್ಕೆ ಇಪ್ಪತ್ತೇ ಮೈಲಿಯ ಆಸುಪಾಸಿನಲ್ಲಿ. ಆ ರೇಖೆಯಿಂದಾಚೆ ವರ್ಷಕ್ಕೆ ಇಪ್ಪತ್ತು ಇಂಚು ಮಳೆಯೂ ಭರವಸೆಯಿಲ್ಲ, ನೀರಾವರಿಯಿಲ್ಲದೆ ಬೇಸಾಯ ಸಾಗದು ಎಂದು ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ 1878ರಲ್ಲೇ ಸರ್ಕಾರಕ್ಕೆ ವರದಿ ಕೊಟ್ಟಿದ್ದ. ಅಂದರೆ ಹಿಕ್‌ಮನ್ ಕುಟುಂಬ ಹೊಗೆ ನೋಡಿ ಅತ್ತ ವರ್ಷವೇ. ಒಣ ಪ್ರದೇಶದಲ್ಲಿ ಕುಟುಂಬಕ್ಕೆ 160 ಎಕರೆ ಸಾಲದು, ಅದಕ್ಕಿಂತ ಬಹಳ ದೊಡ್ಡ ಹಿಡುವಳಿ ಬೇಕು ಎಂಬುದು ಅವನ ವಾದವಾಗಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಹಾಯೊದ ಮಳೆಗೆ ಹೊಂದುವ ಚೌಕವನ್ನು ಕ್ಯಾನ್ಸಸ್‌ನ ಬಿಸಿಲಿನ ಮೇಲೂ ಹಾಸಿದರು. ಚಿತ್ರದುರ್ಗದ ಕಡೆಯ ನನಗೆ ಇದು ಪುಸ್ತಕದ ವಿಷಯವಲ್ಲ. ನಾಲ್ಕು ವರ್ಷಕ್ಕೊಮ್ಮೆ ಮಳೆ ಕೈಕೊಡುವ ನೆಲದಲ್ಲಿ ಹಿಡುವಳಿಯ ಲೆಕ್ಕ ಎಕರೆಯಲ್ಲಿ ಆಗುವುದಿಲ್ಲ.

ಒಳ್ಳೆಯ ಮಳೆಯ ವರ್ಷಗಳು ಮತ್ತು ಮೊದಲ ಮಹಾಯುದ್ಧದ ಕಾಲದ ಗೋಧಿಯ ಬೆಲೆ ಒಕ್ಕಲುಗಳನ್ನು ಹಿಡಿದು ನಿಲ್ಲಿಸಿದವು. ಆಮೇಲೆ ಬೆಲೆ ಬಿತ್ತು, 1930ರ ದಶಕದಲ್ಲಿ ಬರ ಮತ್ತು ಧೂಳಿನ ಬಿರುಗಾಳಿ ಬಂದವು. 1935ರ ಹೊತ್ತಿಗೆ ಹಳ್ಳಿಯಲ್ಲಿದ್ದವರು 76 ಮಂದಿ, 1950ರಲ್ಲಿ 16.

ಕೆರೆಯಂಗಳ:
ನನ್ನ ಅನುಮಾನಕ್ಕೆ ಈಗ ಲೆಕ್ಕ ಸಿಕ್ಕಿತು. ಆದರೆ 1935ರಲ್ಲಿ 76 ಜನರಿದ್ದ ಹಳ್ಳಿ 1939ರಲ್ಲಿ ಕಲ್ಲಿನ ಭವನ ಕಟ್ಟಿದ್ದು ಹೇಗೆ?

ಗೋಧಿನಾಡು:
ಅದು ರೂಸ್‌ವೆಲ್ಟ್ ಕಾಲದ ಉದ್ಯೋಗ ಯೋಜನೆಯಾದ ಡಬ್ಲ್ಯೂಪಿಎ ಹಣದಲ್ಲಿ ಆದದ್ದು. ನಮ್ಮ ಬರಗಾಲದ ಕಾಮಗಾರಿಯಂತೆ ಎನ್ನಬಹುದು. ಭವನ ಟೌನ್‌ಶಿಪ್ಪಿನದು, ಹಳ್ಳಿಯದಲ್ಲ. ಸುತ್ತಲಿನ ಹೊಲಗಳವರೂ ಸಭೆ, ಕುಣಿತ, ಮತದಾನಕ್ಕೆ ಅಲ್ಲಿಗೇ ಬರುತ್ತಿದ್ದರು. ಟೌನ್‌ಶಿಪ್ ಬೇರೆ, ಹಳ್ಳಿ ಬೇರೆ ಎಂದು ನಾನು ಮೊದಲೇ ಹೇಳಿದ್ದು ಇದಕ್ಕಾಗಿಯೇ. ಈಗ ನಿಂತಿರುವ ಐದು ಐತಿಹಾಸಿಕ ಕಟ್ಟಡಗಳಲ್ಲಿ ಇದೂ ಒಂದು. ಉಳಿದವು ಎರಡು ಚರ್ಚು, ಒಂದು ಶಾಲೆ, ಒಂದು ಹಳೆಯ ಹೋಟೆಲು. 1996ರಿಂದ ಇವು ರಾಷ್ಟ್ರೀಯ ಉದ್ಯಾನ ಸೇವೆಯ ಐತಿಹಾಸಿಕ ತಾಣದ ಭಾಗ.

ಕಂಬಿಯ ಮೇಲೊಬ್ಬ:
ಮಳೆಮಾಪಕರ 1910ರ ಲೆಕ್ಕಕ್ಕೆ ತಲೆಬಾಗುತ್ತೇನೆ, ಆದರೆ ಪೂರ್ತಿ ಸೋತಿಲ್ಲ. ಪೇಟೆ ಹೋದ ಮೇಲೆ ಓದಿದವರು ಊರಿನಲ್ಲಿ ಉಳಿಯುವುದಿಲ್ಲ. ಎಡ್ವರ್ಡ್ ಮೆಕೇಬ್‌ನನ್ನು ನೋಡಿ. 1878ರಲ್ಲಿ ಬಂದವನು, 1880ರಲ್ಲಿ ಕೌಂಟಿ ರಚನೆಯಾದಾಗ ಅದರ ಮೊದಲ ಗುಮಾಸ್ತನಾದ. 1882ರಲ್ಲಿ ಕ್ಯಾನ್ಸಸ್ ರಾಜ್ಯದ ಲೆಕ್ಕ ಪರಿಶೋಧಕನ ಹುದ್ದೆಗೆ ಚುನಾವಣೆ ಗೆದ್ದ. ಆ ರಾಜ್ಯದಲ್ಲಿ ರಾಜ್ಯಮಟ್ಟದ ಹುದ್ದೆಗೆ ಆರಿಸಿಬಂದ ಮೊದಲ ಕಪ್ಪು ಮನುಷ್ಯ ಅವನೇ. ಎರಡು ಅವಧಿ ಮುಗಿಸಿ ಅವನು ಹೋದದ್ದು ನಿಕೋಡೆಮಸ್‌ಗಲ್ಲ, ಒಕ್ಲಹೋಮಕ್ಕೆ. ಅಲ್ಲಿ ಲ್ಯಾಂಗ್‌ಸ್ಟನ್ ಎಂಬ ಇನ್ನೊಂದು ಕಪ್ಪು ಜನರ ಪಟ್ಟಣ ಕಟ್ಟಲು ನಿಂತ. ನಿಕೋಡೆಮಸ್‌ಗೆ ರೈಲು ಬಂದಿದ್ದರೆ ಕಥೆ ಬೇರೆಯಾಗುತ್ತಿರಲಿಲ್ಲವೇ?

ಮಳೆಮಾಪಕ:
ರೈಲು ಬಂದ ಬೋಗ್ ಈಗ ಹೇಗಿದೆ ಎಂದು ಒಮ್ಮೆ ನೋಡಿ ಹೇಳಿ, ಸರ್. ರೈಲೂ ಇದ್ದು ಕೌಂಟಿ ಕೇಂದ್ರವೂ ಆದ ಹಿಲ್ ಸಿಟಿಯನ್ನು ಸೇರಿಸಿಕೊಂಡೇ ಇಡೀ ಗ್ರಹಾಂ ಕೌಂಟಿಯ ಜನಸಂಖ್ಯೆ 2020ರಲ್ಲಿ 2,415. 1910ರಲ್ಲಿ ಅದು ಎಂಟು ಸಾವಿರಕ್ಕೂ ಮೀರಿತ್ತು. ರೈಲು ಬಂದ ಬಿಳಿಯರ ಊರುಗಳೂ ಬರಿದಾಗಿವೆ. ಟ್ರ್ಯಾಕ್ಟರು, ಕಂಬೈನು ಬಂದ ಮೇಲೆ ಹತ್ತು ಒಕ್ಕಲಿನ ಹೊಲವನ್ನು ಒಂದೇ ಒಕ್ಕಲು ನೋಡಿಕೊಳ್ಳುತ್ತದೆ.

ತುಂಗೆಯ ತಟ:
ಇಬ್ಬರೂ ಒಂದನ್ನು ಬಿಡುತ್ತಿದ್ದೀರಿ. ಬರಕ್ಕೆ ಬಣ್ಣವಿಲ್ಲ, ಆದರೆ ಬರದಲ್ಲಿ ಸಾಲ ಕೊಡುವ ಬ್ಯಾಂಕಿಗೆ ಬಣ್ಣವಿತ್ತು. ಒಕ್ಕಲು ಎದ್ದು ಹೋಗುವಾಗ ಹೊಲವನ್ನು ಕೊಳ್ಳಲು ಶಕ್ತಿಯಿದ್ದವರು ಯಾರು ಎಂಬುದೂ ಈ ಲೆಕ್ಕದಲ್ಲಿ ಸೇರಬೇಕು.

ಮಳೆಮಾಪಕ:
ಸೇರಬೇಕು. ನನ್ನ ಮಳೆಯ ಪಟ್ಟಿಯಲ್ಲಿ ಅದಕ್ಕೆ ಅಂಕಣವಿಲ್ಲ ಎಂಬುದು ನಿಜ.

ಸಂಜೆಮಲ್ಲಿಗೆ:
ಈಗ ಅಲ್ಲಿಗೆ ಯಾರೂ ಹಿಂದಿರುಗುವುದಿಲ್ಲವೇ?

ಗೋಧಿನಾಡು:
ವರ್ಷಕ್ಕೊಮ್ಮೆ ಹಿಂದಿರುಗುತ್ತಾರೆ. ಜುಲೈ ಕೊನೆಯ ವಾರಾಂತ್ಯದಲ್ಲಿ ನಡೆಯುವ ಹೋಮ್‌ಕಮಿಂಗ್‌ಗೆ ಕ್ಯಾಲಿಫೋರ್ನಿಯಾ, ಕೊಲರಾಡೊಗಳಿಂದ ಮೂಲ ಒಕ್ಕಲುಗಳ ಮೊಮ್ಮಕ್ಕಳು ಮರಿಮಕ್ಕಳು ಬರುತ್ತಾರೆ. ಇದರ ಮೂಲ ಆಗಸ್ಟ್ 1ರ ವಿಮೋಚನೆಯ ಹಬ್ಬ. ಆ ದಿನಾಂಕ ಅಮೆರಿಕದ್ದಲ್ಲ, 1834ರ ಆಗಸ್ಟ್ 1ರಂದು ಬ್ರಿಟಿಷ್ ವೆಸ್ಟ್ ಇಂಡೀಸ್‌ನ ಗುಲಾಮರಿಗೆ ಬಿಡುಗಡೆಯ ಕಾನೂನು ಜಾರಿಯಾದ ದಿನ. ಕೆಂಟಕಿಯವರು ಕ್ಯಾನ್ಸಸ್‌ನಲ್ಲಿ ಕೆರಿಬಿಯನ್ ದ್ವೀಪಗಳ ಬಿಡುಗಡೆಯನ್ನು ಆಚರಿಸಿದರು! ಅಂದಹಾಗೆ, 1954ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ ಮೊದಲ ಸುತ್ತಿನಲ್ಲೇ ಆರಿಸಿಕೊಂಡ ಫುಟ್‌ಬಾಲ್ ಆಟಗಾರ ವೆರಿಲ್ ಸ್ವಿಟ್ಜರ್ ಈ ಊರಿನವರೇ. ಓದಿದ್ದು, ಆಡಿದ್ದು ನಮ್ಮ ಮ್ಯಾನ್‌ಹಟನ್‌ನ ವಿಶ್ವವಿದ್ಯಾಲಯದಲ್ಲಿ.

ನಿವೃತ್ತ ಭೂಮಾಪಕ:
ತಂಗಿ, ಒಂದು ಪ್ರಶ್ನೆ ಕೇಳಬೇಕೆಂದಿದ್ದೆ. ಭೂಮಿ ಗುಂಡಗಿರುವುದರಿಂದ ಉತ್ತರಕ್ಕೆ ಹೋದಂತೆ ರೇಖಾಂಶಗಳು ಹತ್ತಿರವಾಗುತ್ತವೆ, ಚೌಕಗಳು ಚೌಕವಾಗಿ ಉಳಿಯುವುದಿಲ್ಲ. ಅದನ್ನು ಸರಿಪಡಿಸಲು ಕೆಲವು ಟೌನ್‌ಶಿಪ್‌ಗಳಿಗೊಮ್ಮೆ ತಿದ್ದುಪಡಿ ರೇಖೆ ಹಾಕುತ್ತಿದ್ದರು. ಅಲ್ಲಿ ಉತ್ತರ ದಕ್ಷಿಣದ ರಸ್ತೆಗಳು ಇದ್ದಕ್ಕಿದ್ದಂತೆ ಪಕ್ಕಕ್ಕೆ ಸರಿದು ಮತ್ತೆ ನೇರವಾಗುತ್ತವೆ ಎಂದು ಓದಿದ್ದೇನೆ. ನೀವು ಕಂಡಿದ್ದೀರಾ?

ಗೋಧಿನಾಡು:
ಕಂಡಿದ್ದೇನೆ ಸರ್, ಕಾರಣ ತಿಳಿದದ್ದು ಈಗ. ಗಂಟೆಗಟ್ಟಲೆ ನೂಲು ಹಿಡಿದಂತೆ ಹೋದ ಜಲ್ಲಿ ರಸ್ತೆ, ಬೆಟ್ಟ ಹೊಳೆ ಏನೂ ಅಡ್ಡ ಇಲ್ಲದಿದ್ದರೂ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿತ್ತು. ಯಾರದೋ ಹೊಲ ತಪ್ಪಿಸಲು ಹಾಗೆ ಮಾಡಿದ್ದಾರೆಂದು ನನ್ನ ಯಜಮಾನರು ವಾದಿಸಿದ್ದರು. ನಿಮ್ಮ ಉತ್ತರವನ್ನು ಈಗಲೇ ಅವರಿಗೆ ತೋರಿಸುತ್ತೇನೆ.

ಕೆರೆಯಂಗಳ:
ಮುಂದಿನ ಜುಲೈನಲ್ಲಿ ಮಗಳ ಮನೆಗೆಂದು ಡೆನ್ವರ್‌ಗೆ ಹೋಗುವವನಿದ್ದೇನೆ. ಹೋಮ್‌ಕಮಿಂಗ್ ದಿನ ಹೊರಗಿನವರು ಹೋದರೆ ಅಲ್ಲಿಯವರಿಗೆ ಬೇಸರವಾದೀತೇ?

ಗೋಧಿನಾಡು:
ಆಗುವುದಿಲ್ಲ. ಡೆನ್ವರ್‌ನಿಂದ ಪೂರ್ವಕ್ಕೆ ಬಂದರೆ ಹಿಲ್ ಸಿಟಿ ಮೊದಲು ಸಿಗುತ್ತದೆ. ಪೆಟ್ರೋಲನ್ನು ಅಲ್ಲಿಯೇ ತುಂಬಿಸಿಕೊಳ್ಳಿ. ಟೋಪಿ ತಲೆಯ ಮೇಲೆ ನಿಲ್ಲುವುದಿಲ್ಲ, ಗಲ್ಲಕ್ಕೆ ಕಟ್ಟುವ ದಾರವಿರುವಂಥದ್ದನ್ನು ತನ್ನಿ.